ಅರ್ಜಿಯೊಳಗಿನ ಅಪ್ಪ

ಲಿಫ್ಟ್ ಮೆಕ್ಯಾನಿಕ್ಕಿಗೆ ಎಡಗೈಯಲ್ಲಿ ಮೂರೇ ಬೆರಳು. ಹನ್ನೊಂದು ವರ್ಷದ ಹಿಂದೆ ಒಂದು ಕಟ್ಟಡದ ತಾರಸಿಯಲ್ಲಿ ಅವನು ಲಿಫ್ಟಿನ ಮೋಟಾರಿಗೆ ಕೈ ಹಾಕಿದ್ದಾಗ ಕೆಳಗೆ ಯಾರೋ ಸ್ವಿಚ್ ಒತ್ತಿಬಿಟ್ಟಿದ್ದರು. ಗಾಯ ವಾಸಿಯಾದ ಮೇಲೆ ಅವನು ಮೊದಲು ಹತ್ತಿದ್ದು ಅದೇ ಕಟ್ಟಡದ ತಾರಸಿಗೆ. ಆಮೇಲೆ ಒಬ್ಬೊಬ್ಬ ಕಟ್ಟಡ ಮಾಲೀಕರ ಬೆನ್ನು ಹತ್ತಿ, ಜಗಳವಾಡಿ, ತಾನು ನೋಡಿಕೊಳ್ಳುವ ನಲವತ್ತೂ ಲಿಫ್ಟುಗಳ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿಸಿದ. ಕೆಲಸ ಮುಗಿಯುವವರೆಗೆ ಕೀಲಿ ಕೆಲಸದವನ ಜೇಬಲ್ಲೇ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಕಿರುಚಾಡಿದರೆ, "ಇವತ್ತು ಮನೇಲಿ ಏನಡುಗೆ?" ಎಂದು ಹೊರಗಿನಿಂದ ಮಾತಿಗೆಳೆಯುತ್ತಿದ್ದ. ಅವರು ನೆನಪಿಸಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆದಿರುತ್ತಿತ್ತು.

ಅವನಿಗೆ ಒಬ್ಬಳೇ ಮಗಳು. ಹದಿನೇಳು ವರ್ಷದ ಅವಳಿಗೆ ಇಂಜಿನಿಯರಿಂಗ್ ಓದುವ ಹಠ. ಅವಳು ಕಣ್ಣಿಟ್ಟಿದ್ದ ವಿಶ್ವವಿದ್ಯಾಲಯದಲ್ಲಿ ಅರವತ್ತು ಸೀಟಿಗೆ ಒಂಬತ್ತು ಸಾವಿರ ಅರ್ಜಿ. ವರ್ಷವಿಡೀ ಬೆಳಿಗ್ಗೆ ಅವನು ಪುಸ್ತಕ ಹಿಡಿದು ಕೂತು ಪ್ರಶ್ನೆ ಕೇಳಿದ. ಉತ್ತರ ಸರಿಯೋ ತಪ್ಪೋ ಅವನಿಗೇನು ಗೊತ್ತು? ಆದರೆ ಮಗಳು ತಡವರಿಸಿದರೆ, "ಇದು ಸಡಿಲ ಇದೆ, ಇನ್ನೊಂದ್ಸಲ ಬಿಗಿ ಮಾಡು" ಎನ್ನುತ್ತಿದ್ದ.

ಅಂಕದ ಜೊತೆ ತನ್ನ ಬಗ್ಗೆ ಎರಡು ಪುಟ ಬರೆದು ಕಳಿಸಬೇಕಿತ್ತು. ಒಂದು ಭಾನುವಾರ ಅದು ಅವನ ಕಣ್ಣಿಗೆ ಬಿತ್ತು. 'ನನ್ನ ತಂದೆ ಅಸಹಾಯಕರು. ಬೆರಳು ಕಳೆದುಕೊಂಡ ದಿನವೇ ಅವರ ಬದುಕು ಕತ್ತಲಾಯಿತು...'

"ಪುಟ್ಟಿ, ಯಾರಮ್ಮ ಈ ಬಡಪಾಯಿ?"

ಮಗಳು ತಲೆ ತಗ್ಗಿಸಿದಳು. "ಶಾಲೇಲಿ ಮೇಡಂ ತಿದ್ದಿದ್ದು ಅಪ್ಪ. ಓದಿದೋರ ಕಣ್ಣಲ್ಲಿ ನೀರು ಬರ್ಬೇಕಂತೆ."

"ನಿಂಗೂ ಹಂಗೇ ಅನ್ಸುತ್ತಾ?"

"ಇಲ್ಲ. ಆದ್ರೆ ಸೀಟು ಬೇಕಲ್ಲ?"

ಆ ಮಾತು ಅವನನ್ನು ಚುಚ್ಚಿತು. ಮರುದಿನ ಅವನು ಆ ಹಾಳೆಗಳನ್ನು ಹಿಡಿದು ಗ್ರೀಸ್ ಮೆತ್ತಿದ ಅಂಗಿಯಲ್ಲೇ ಶಾಲೆಗೆ ಹೋದ. ಅರ್ಜಿಗಳ ಉಸ್ತುವಾರಿಯ ಮೇಡಂ ಕೆಟ್ಟವರೇನಲ್ಲ. ಎಷ್ಟೋ ಮಕ್ಕಳಿಗೆ ದಾರಿ ತೋರಿಸಿದವರು.

"ತಪ್ಪು ತಿಳ್ಕೋಬೇಡಿ," ಎಂದರು. "ಒಂಬತ್ತು ಸಾವಿರ ಜನದಲ್ಲಿ ಎದ್ದು ಕಾಣ್ಬೇಕಲ್ವಾ?"

"ಎದ್ದು ಕಾಣ್ಲಿ ಮೇಡಂ. ನನ್ನ ಮಲಗಿಸಿ ಎದ್ದು ಕಾಣೋದು ಬೇಡ."

"ಸೀಟು ತಪ್ಪಿದ್ರೆ?"

"ತಪ್ಲಿ. ಇದನ್ನೋದಿ ಕೊಟ್ರೆ ನಾಲ್ಕು ವರ್ಷ ಅಯ್ಯೋ ಪಾಪ ಅನ್ನಿಸ್ಕೊಂಡೇ ಓದ್ಬೇಕು ಅವಳು."

ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಬಂದು ಹಾಳೆಗಳನ್ನು ಎತ್ತಿಕೊಂಡಳು. ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ಅಪ್ಪನತ್ತ ತಿರುಗಿ, "ಬರೆಯೋಳು ನಾನು. ನೀನೂ ಹೇಳ್ಕೊಡ್ಬೇಡ" ಎಂದಳು. ಅವನಿಗೆ ಒಳಗೊಳಗೇ ಖುಷಿಯಾಯಿತು.

ಮೂರು ದಿನ ಅವಳು ಅವನ ಹಿಂದೆಯೇ ತಾರಸಿಗಳನ್ನು ಹತ್ತಿದಳು. ಹೊಸ ಬರಹದಲ್ಲಿ ಆ ಬೀಗದ ಕಥೆಯಿತ್ತು: ಒಬ್ಬ ಕೆಲಸಗಾರ ಪೆಟ್ಟು ತಿಂದು ಕಲಿತದ್ದನ್ನು ನಲವತ್ತು ಕಟ್ಟಡಗಳಿಗೆ ಹೇಗೆ ಕಲಿಸಿದ, ಆ ಬೀಗದಲ್ಲಿ ಇನ್ನೂ ಏನು ಕೊರತೆಯಿದೆ, ತಾನದನ್ನು ಹೇಗೆ ಸರಿಪಡಿಸುತ್ತೇನೆ ಎಂದು. ಮೇಡಂ ಓದಿ, "ಕಣ್ಣೀರೇ ಇಲ್ವಲ್ಲ" ಎಂದು ಗೊಣಗಿದರೂ ಸಹಿ ಹಾಕಿದರು.

ಆ ದೊಡ್ಡ ವಿಶ್ವವಿದ್ಯಾಲಯ ಎರಡೇ ಸಾಲಿನಲ್ಲಿ ಇಲ್ಲ ಎಂದಿತು. ಅವನು ಊಟದ ತಟ್ಟೆಯನ್ನು ಪಕ್ಕಕ್ಕಿಟ್ಟ. "ನಾನೇ ಕೆಡಿಸ್ಬಿಟ್ನಾ ಪುಟ್ಟಿ?"

"ಅದನ್ನೇ ಇನ್ನೂ ಮೂರು ಕಡೆ ಕಳಿಸಿದೀನಿ," ಎಂದಳು ಮಗಳು. ಅವಳ ಕಣ್ಣು ಕೆಂಪಗಿತ್ತು, ದನಿ ಗಟ್ಟಿಯಿತ್ತು. "ಒಂದಕ್ಷರಾನೂ ಬದಲಾಯಿಸಿಲ್ಲ."

ಆ ಮೂರರಲ್ಲಿ ಒಂದು ಕಡೆ ಸಂದರ್ಶನಕ್ಕೆ ಕರೆದರು. ವಯಸ್ಸಾದ ಪ್ರೊಫೆಸರೊಬ್ಬರು ಇಪ್ಪತ್ತು ನಿಮಿಷವೂ ಬೀಗದ ಬಗ್ಗೆಯೇ ಕೇಳಿದರಂತೆ. ಅವಳು ಒಂದು ಕಡೆ ಅವರ ಲೆಕ್ಕವನ್ನೇ ತಪ್ಪು ಎಂದಳಂತೆ. ಎರಡನೇ ಪಟ್ಟಿಯಲ್ಲಿ ಅವಳ ಹೆಸರು ಬಂತು.

ಸೇರುವ ದಿನ ಅಪ್ಪ ಮಗಳು ಇಬ್ಬರೂ ಹೋದರು. ಫಾರಂನಲ್ಲಿ ತಂದೆಯ ಉದ್ಯೋಗ ಎಂಬ ಚೌಕವಿತ್ತು. ಅವನೇ ಪೆನ್ನು ತೆಗೆದುಕೊಂಡು, ಗೆರೆ ದಾಟಿ, ದಪ್ಪಕ್ಷರದಲ್ಲಿ 'ಲಿಫ್ಟ್ ಮೆಕ್ಯಾನಿಕ್' ಎಂದು ಬರೆದ.

"ಸ್ವಲ್ಪ ಚಿಕ್ಕದಾಗಿ ಬರೀಬಾರ್ದಾ?" ಎಂದ ಗುಮಾಸ್ತ.

"ಚೌಕ ದೊಡ್ಡದು ಮಾಡ್ಸಿ ಸ್ವಾಮಿ," ಎಂದು ಅವನು ಫಾರಂ ಮುಂದಕ್ಕೆ ತಳ್ಳಿದ.