ಹನುಮೇಶ ಬರೆದ ಚೀಟಿಗಳು

ರಾಣೆಬೆನ್ನೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದ ಸಂಗ್ರಹಾಲಯದಲ್ಲಿ ಇಪ್ಪತ್ತೆರಡು ವರ್ಷ ಜವಾನನಾಗಿ ದುಡಿದ ಹನುಮೇಶನಿಗೆ ಹಾವೆಂದರೆ ಜೀವ ಹೋಗುವಷ್ಟು ಭಯ. ಇದು ಯಾರಿಗೂ ಗೊತ್ತಿರಲಿಲ್ಲ. ಮಂದಿ ಅವನನ್ನು ಹಾವಿನ ಹನುಮೇಶ ಎಂದೇ ಕರೆಯುತ್ತಿದ್ದರು. ಚಹಾದಂಗಡಿಯಲ್ಲಿ ಎದ್ದು ಜಾಗ ಬಿಡುತ್ತಿದ್ದರು. ಅಷ್ಟು ಮರ್ಯಾದೆ ಸಿಕ್ಕ ಮೇಲೆ ಯಾವ ಮಹಾನುಭಾವ ತಾನು ಪುಕ್ಕಲನೆಂದು ಡಂಗುರ ಸಾರುತ್ತಾನೆ?

ನಮ್ಮ ಕಡೆ ಯಾರಿಗಾದರೂ ಹಾವು ಕಚ್ಚಿದರೆ ಮನೆಯವರು ಕಣ್ಣಿಗೆ ಬಿದ್ದ ಹಾವನ್ನು ಹೊಡೆದು, ಚೀಲದಲ್ಲಿ ಕಟ್ಟಿ, ಕಚ್ಚಿಸಿಕೊಂಡವರ ಜೊತೆಗೇ ಆಸ್ಪತ್ರೆಗೆ ಒಯ್ಯುತ್ತಾರೆ. ಆಮೇಲೆ ಗುರುತು ಹಿಡಿಸಲು ಹನುಮೇಶನ ಹತ್ತಿರ ತರುತ್ತಿದ್ದರು. ಅವನು ಅದನ್ನು ಚಿಮಟದಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ, ಅರ್ಧ ಕಣ್ಣಲ್ಲಿ ನೋಡಿ ಕೆಡದಂತೆ ಇಡುವ ಫಾರ್ಮಾಲಿನ್ ಬಾಟಲಿಗೆ ಇಳಿಸುತ್ತಿದ್ದ. ಕಪ್ಪು ಮೈಮೇಲೆ ಬಿಳಿ ಪಟ್ಟಿ ಕಂಡರೆ ಸಾಕು, ಕಡುವಿಷದ ಕಟ್ಟುಹಾವು ಎಂದು ಚೀಟಿ ಬರೆದು ಅಂಟಿಸುತ್ತಿದ್ದ. ಆ ಮನೆಯವರಿಗೆ ಒಂದೇ ಮಾತು: "ಕಚ್ಚಿದ್ದು ಸತ್ತೈತಿ. ಇನ್ನ ಅಂಜಬ್ಯಾಡ್ರಿ."

ಈ ವರ್ಷ ಹಾವು, ಹಲ್ಲಿ, ಆಮೆ ಎಲ್ಲದರದ್ದೂ ಹೊಸ ಪಟ್ಟಿ ಮಾಡಬೇಕೆಂದು ಆದೇಶ ಬಂತು. ಹೊಸದಾಗಿ ಬಂದ ಉಪನ್ಯಾಸಕಿ ಹುಮಾ ಮೇಡಂ ಭೂತಗನ್ನಡಿ ಹಿಡಿದು ಕೂತರು. ಅವರು ಚೀಟಿ ನಂಬುವವರಲ್ಲ, ಹಾವನ್ನೇ ನೋಡುವವರು. ಮೊದಲ ದಿನ ಅವರ ಕೈಗೆ ಸಿಕ್ಕ ಬಾಟಲಿ ಮೂರು ವಾರದ ಹಿಂದಿನದು. ಕರ್ಜಗಿಯಲ್ಲಿ ನೆಲಕ್ಕೆ ಮಲಗಿದ್ದ ಹೊಳಿಯವ್ವನಿಗೆ ಕಚ್ಚಿತೆಂದು ಹೊಡೆದ ಹಾವು. ಹೊಳಿಯವ್ವ ಹನುಮೇಶನ ಸ್ವಂತ ಅಕ್ಕ.

"ಹನುಮೇಶಣ್ಣಾ, ಇದು ಕಟ್ಟುಹಾವಲ್ರಿ, ತೋಳಹಾವು. ಇದಕ್ಕ ವಿಷನ ಇಲ್ಲ," ಎಂದರು ಮೇಡಂ. "ಕಟ್ಟುಹಾವಿಗೆ ಬೆನ್ನಿನ ನಟ್ಟನಡುವ ದೊಡ್ಡ ಹುರುಪಿ ಸಾಲು ಇರತೈತಿ. ಇದಕ್ಕ ಎಲ್ಲಾ ಒಂದ ಅಳತಿ ನೋಡ್ರಿ."

ಅಕ್ಕ ಉಸಿರಾಡಲಾಗದೆ, ರೆಪ್ಪೆ ಎತ್ತಲಾಗದೆ ಹಾವೇರಿಯ ಆಸ್ಪತ್ರೆಯಲ್ಲಿ ಬಿದ್ದಿದ್ದನ್ನು ಹನುಮೇಶ ಕಣ್ಣಾರೆ ಕಂಡಿದ್ದ. ವಿಷವಿಲ್ಲದ ಹಾವು ಹಾಗೆ ಮಾಡುವುದಿಲ್ಲ. ಅಂದರೆ ಕಚ್ಚಿದ್ದು ಇನ್ನೂ ಆ ಮನೆಯಲ್ಲೇ ಇರಬಹುದು. ಅವನ ಮಾತು ನಂಬಿ ಮನೆಯವರು, ಹಾವಿನ ಭಯಕ್ಕೆ ಎರವಲು ತಂದ ಮಂಚವನ್ನು ವಾಪಸು ಕೊಟ್ಟಿದ್ದರು. ಅಕ್ಕ ನಿನ್ನೆಯಷ್ಟೇ ಆಸ್ಪತ್ರೆಯಿಂದ ಬಂದು ಅದೇ ಮೂಲೆಯಲ್ಲಿ ನೆಲಕ್ಕೆ ಮಲಗಿದ್ದಳು.

ಹನುಮೇಶ ಕೂಡಲೇ ಅಕ್ಕನ ಮಗ ಮಾಲತೇಶನಿಗೆ ಫೋನ್ ಹಚ್ಚಿದ. ಅವನು ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೋಗಿದ್ದ, ಎತ್ತಲಿಲ್ಲ. ಹಾವು ಹಿಡಿಯುವ ದಾದಾಸಾಬನಿಗೆ ಕರ್ಜಗಿಗೆ ಬರಹೇಳಿ, ಹನುಮೇಶ ತಾನೂ ಬೈಕು ಹತ್ತಿದ. ದಾರಿಯುದ್ದಕ್ಕೂ ಅಕ್ಕನಿಗೇನಾಗುವುದೋ ಎಂಬ ಭಯ. ಜೊತೆಗೆ, ವಿಷಯ ತಿಳಿದರೆ ಮಂದಿ ನಗುತ್ತಾರೆಂಬ ಭಯ. ನಾಚಿಕೆಗೇಡಿನ ಮಾತು, ಆದರೆ ಎರಡನೆಯದೂ ಸಣ್ಣದೇನಾಗಿರಲಿಲ್ಲ.

ಹೊಳಿಯವ್ವ ಕೌದಿಯ ಮೇಲೆ ಮಲಗಿದ್ದಳು. ಹನುಮೇಶ ಹೊಸ್ತಿಲಲ್ಲಿ ನಿಂತು ಒಂದು ಸುಳ್ಳು ಹೆಣೆದ.

"ಅಕ್ಕಾ, ಲಗೂ ಎದ್ದು ಹೊರಗ ಬಾ. ಸತ್ತ ಹಾವಿನ ಜೋಡಿ ಬರತೈತಂತ."

"ಬರೂದಿದ್ರ ಇಷ್ಟೊತ್ತಿಗೆ ಬರತಿತ್ತು. ನಾಗಪ್ಪಗ ಹಾಲು ಎರಸೇನಿ. ಅಂಜಬ್ಯಾಡ್ರಿ ಅಂತ ನೀನ ಹೇಳೀದಿ," ಎಂದು ಆಕೆ ಗೋಡೆಯ ಕಡೆ ಮಗ್ಗುಲಾದಳು.

ಹನುಮೇಶ ಸುಳ್ಳು ಬಿಟ್ಟ. "ಅಕ್ಕಾ, ನಾ ಹೇಳಿದ್ದು ತಪ್ಪು. ಕೊಂದಿದ್ದು ಕಚ್ಚಿದ ಹಾವಲ್ಲ. ನಾ ಅದನ್ನ ನೆಟ್ಟಗ ನೋಡೇ ಇಲ್ಲ. ಇಷ್ಟು ವರ್ಷದಾಗ ಒಂದೂ ಹಾವು ನೆಟ್ಟಗ ನೋಡಿಲ್ಲ. ನನಗ ಹಾವಂದ್ರ ಅಂಜಿಕಿ."

ಹೊಳಿಯವ್ವ ತಿರುಗಿ ಅವನ ಮುಖವನ್ನೇ ನೋಡಿದಳು. ಆಮೇಲೆ ಮೊಣಕೈ ಊರಿ ಎದ್ದು, ಹೊರಗೆ ಬಂದಳು.

ಸ್ವಲ್ಪ ಹೊತ್ತಿಗೆ ದಾದಾಸಾಬ ಬಂದು ಕೋಲಿನಿಂದ ಕೌದಿಯ ತುದಿ ಎತ್ತಿದ. ಗೋಡೆಯ ಬುಡದಲ್ಲಿ ನಿಜವಾದ ಕಟ್ಟುಹಾವು ಸುರುಳಿ ಸುತ್ತಿ ಮಲಗಿತ್ತು. ಹೊಳಿಯವ್ವನ ಕೈ ಇದ್ದ ಜಾಗಕ್ಕೂ ಅದಕ್ಕೂ ಒಂದು ಗೇಣು.

ಹಾವು ಡಬ್ಬಿಗೆ ಇಳಿದ ಮೇಲೆ ಹೊಳಿಯವ್ವ ಕಟ್ಟೆಯ ಮೇಲೆ ಕೂತು ಕೇಳಿದಳು: "ಹನುಮ್ಯಾ, ಉಳಿದ ಮಂದಿಗೂ ಹಿಂಗ ಹೇಳೀಯೇನು?"

ಆ ರಾತ್ರಿ ಹನುಮೇಶನಿಗೆ ನಿದ್ದೆ ಹತ್ತಲಿಲ್ಲ.

ಮರುದಿನ, ಕಚ್ಚಿತೆಂದು ಮಂದಿ ತಂದ ಹಾವಿನ ಬಾಟಲಿಗಳನ್ನೆಲ್ಲ ಕಪಾಟಿನಿಂದ ಇಳಿಸಿದ. ಮೂವತ್ತೆಂಟಿದ್ದವು. ಮೊದಲನೆಯದು ಹೊಸರಿತ್ತಿ ಊರಿನದು, ಐದು ವರ್ಷ ಹಳೆಯದು. ಮೇಡಂ ಅದನ್ನು ತಟ್ಟೆಗೆ ತೆಗೆದು, ಬೆನ್ನಿನುದ್ದಕ್ಕೂ ಎರಡು ಸಲ ಭೂತಗನ್ನಡಿ ಸರಿಸಿದರು.

"ಇದೂ ತೋಳಹಾವು. ಯಾರ ಮನಿದ್ರಿ ಇದು?"

ಹನುಮೇಶನಿಗೆ ಹೆಸರು ನೆನಪಾಗಲಿಲ್ಲ. ನೆನಪಾದದ್ದು ಕಾಲೇಜಿನ ಗೇಟಿನಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು ನಿಂತು, ಅವನು ಅಂಜಬ್ಯಾಡ್ರಿ ಎಂದದ್ದಕ್ಕೆ ಕೈಮುಗಿದು, ಅದೇ ಮನೆಗೆ ಮರಳಿದ ಹೆಂಗಸು.