ತೋಳಿನೊಳಗಿನ ಕಬ್ಬಿಣ

ಹರಿಹರದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ರುದ್ರಪ್ಪನವರಿಗೆ ನನ್ನ ಹಾಯಿದೋಣಿಯ ತೋಳುಗಳನ್ನು ಮಾಡಲು ಕೊಟ್ಟಿದ್ದೆ. ನಡುವೆ ಒಂದು ದೋಣಿ, ಎರಡೂ ಪಕ್ಕಕ್ಕೆ ಒಂದೊಂದು ಮರಿದೋಣಿ. ಅವನ್ನು ಹಿಡಿದಿಡುವ ತೋಳುಗಳನ್ನು ಒಬ್ಬನೇ ಮಡಚಿ, ದೋಣಿಯನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವಂತಿರಬೇಕು. ಅದಕ್ಕೇ ತೆಳು ಅಲ್ಯೂಮಿನಿಯಂ ಪೈಪು. ನಕ್ಷೆಯಲ್ಲಿ ತೂಕವನ್ನೂ ಬರೆದಿದ್ದೆ.

ತಯಾರಾದ ತೋಳನ್ನು ಎತ್ತಹೋದರೆ ಸೊಂಟ ಹಿಡಿದುಕೊಂಡಿತು. ಇಣುಕಿ ನೋಡಿದೆ. ಪೈಪಿನೊಳಗೆ ಉದ್ದಕ್ಕೂ ಕಬ್ಬಿಣದ ರಾಡು!

"ಇದು ನಕ್ಷೆಯಲ್ಲಿ ಎಲ್ಲಿದೆ?"

"ಇಲ್ರಿ ಸರ್, ಅದು ನಮ್ಮ ಕಡೆಯಿಂದ. ನಾಳೆ ಹೊಳ್ಯಾಗ ಮುರೀತು ಅಂದ್ರೆ ಜನ ಯಾರ ಹೆಸರು ಹೇಳ್ತಾರೆ?"

"ಇಷ್ಟು ಭಾರ ಒಬ್ಬನಿಗೆ ಮಡಚೋಕಾಗಲ್ಲ. ತೆಗೀರಿ, ಇಲ್ಲಾಂದ್ರೆ ನಾನು ಒಯ್ಯಲ್ಲ."

"ಖಾಲಿ ಪೈಪು ತಡೀತೈತೆ ಅಂತ ತೋರಿಸ್ರಿ, ಎಲ್ಲಾ ತೆಗೀತೀನಿ."

ಒಂದು ತೋಳಿನ ರಾಡನ್ನು ಹೊರಗೆಳೆಸಿ, ಆ ಖಾಲಿ ತೋಳನ್ನು ಎರಡು ಕಲ್ಲುಗಳ ಮೇಲೆ ಅಡ್ಡ ಇಡಿಸಿ ನಾನೇ ಕೂತೆ. ತುಸು ಬಾಗಿತು.

"ನೋಡ್ರಿ, ಬಗ್ತು!" ಎಂದರು ರುದ್ರಪ್ಪ, ಖುಷಿಯಿಂದ.

"ಬಗ್ಗಲೇಬೇಕು. ಮುರೀಬಾರದು ಅಷ್ಟೇ. ಬನ್ನಿ, ನೀವೂ ಕೂತ್ಕೊಳ್ಳಿ."

ಅಳುಕುತ್ತಲೇ ಕೂತರು. ಸಾಲದೆಂದು ಪಕ್ಕದ ಪಂಕ್ಚರ್ ಅಂಗಡಿಯ ದಢೂತಿ ಆಸಾಮಿಯನ್ನೂ ಕರೆದು ಕೂರಿಸಿದರು. ತೋಳು ತಡೆಯಿತು.

"ಆತು ಬಿಡ್ರಿ, ಗಟ್ಟಿ ಐತೆ. ಕಬ್ಬಿಣ ತೆಗೀತೀನಿ," ಎಂದು ಒಪ್ಪಿದರು. ಆದರೆ ಏಳಲಿಲ್ಲ. ಕೂತಲ್ಲಿಂದಲೇ ಕೂಗಿ ಚಹಾ ಹೇಳಿದರು. ಚಹಾ ತಂದವನೂ "ಸ್ವಲ್ಪ ಸರೀರಿ" ಎಂದು ಜಾಗ ಮಾಡಿಕೊಂಡ. ತೋಳು ಎಷ್ಟು ಭಾರ ತಡೆಯುತ್ತದೆಂಬ ಲೆಕ್ಕ ನನ್ನಲ್ಲಿತ್ತು. ತಡೆಯುತ್ತದೆಂದು ಖಾತ್ರಿಯಾದ ಮೇಲೆ ಹರಿಹರದವರನ್ನು ಅದರ ಮೇಲಿಂದ ಎಬ್ಬಿಸುವುದು ಹೇಗೆಂದು ಯಾವ ಇಂಜಿನಿಯರಿಂಗ್ ಪುಸ್ತಕವೂ ಹೇಳಿಕೊಡುವುದಿಲ್ಲ.