ಕಿಟಕಿಗೆ ಎಳೆದ ರೇಡಿಯೊ ತಂತಿ

ನಿಜಾಮರ ಆಡಳಿತದ ಕೊನೆಯ ವರ್ಷ. ಅಂದು ಮಧ್ಯಾಹ್ನ ಅಣ್ಣ ರಾಯಚೂರಿನ ನಮ್ಮ ಮನೆಯ ಕಿಟಕಿ ಚೌಕಟ್ಟಿಗೆ ತೂತು ಕೊರೆದು, ತಾನೇ ಜೋಡಿಸಿದ್ದ ರೇಡಿಯೊಗೆ ಮಾಳಿಗೆಯಿಂದ ತಂತಿ ಎಳೆದ. ಮಳೆನೀರು ತಂತಿಗುಂಟ ಒಳಗೆ ಹರಿಯಬಾರದೆಂದು, ತೂತಿನ ಹೊರಗೆ ಅದನ್ನು ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತಿರುಗಿಸಿದ್ದ.

ಮರುದಿನ ಪೊಲೀಸ್ ಅಮೀನ ಬಂದು ಆ ಬಾಗನ್ನೇ ಕೋಲಿನಿಂದ ತಿವಿದ. "ನೆಟ್ಟಗ ಬರೋ ತಂತಿ ಯಾಕ ಇಳದು ಏರ್ಯದ? ಯಾರಿಗಿ ಖಬರ್ ಕಳಸ್ತೀಲೇ?"

"ಮಳಿ ನೀರು ಹೊರಗ ಬೀಳ್ಲಿ ಅಂತ ಬಿಟ್ಟೀನ್ರಿ ಸಾಹೇಬ್ರ. ಇದು ಬರೇ ಕೇಳೋದದ," ಎಂದ ಅಣ್ಣ.

"ಇವತ್ತ ಕೇಳೋನು ನಾಳಿ ಮಾತಾಡ್ತಾನ. ನಡಿ!"

ತಂತಿಯ ಮೇಲೆ ಒಂದು ಚೊಂಬು ನೀರು ಸುರಿದು ನೋಡಿದ್ದರೆ ಸಾಕಿತ್ತು. ಅಮೀನ ಅಷ್ಟನ್ನೂ ಮಾಡಲಿಲ್ಲ!

ಅಣ್ಣ ಠಾಣೆಯಲ್ಲೇ ಸತ್ತ. ಜ್ವರ ಎಂದರು, ಬೆನ್ನ ಮೇಲಿನ ಬಾಸುಂಡೆಗಳನ್ನು ನಾನೇ ಕಂಡಿದ್ದೇನೆ. ಸರ್ಕಾರ ಬದಲಾಯಿತು. ಅವನು ಮಾಡಿದ ತಪ್ಪೇನೆಂದು ಇಂದಿಗೂ ಯಾರೂ ನಮಗೆ ಹೇಳಿಲ್ಲ.